ತಜ್ಞರನ್ನು ಕೇಳುವ ಮುನ್ನ, ಕೇಳಿದ ಮೇಲೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಬೇಸಿಗೆ ಬಂತೆಂದರೆ ನಮ್ಮ ಕೋಲಾರ ಸೀಮೆಯ ಟೊಮೆಟೊ ತೋಟಗಳಲ್ಲಿ ಒಂದು ತೊಂದರೆ ಆಗಾಗ ಕಾಣಿಸುತ್ತದೆ. ಗಿಡ ಹಚ್ಚಗೆ ಚೆನ್ನಾಗಿಯೇ ಇರುತ್ತದೆ. ಕಾಯಿ ದಪ್ಪವಾಗುವ ಹೊತ್ತಿಗೆ ಅದರ ಕೆಳತುದಿಯಲ್ಲಿ ನೀರು ಇಳಿದಂಥ ಒಂದು ಕಲೆ ಮೂಡುತ್ತದೆ. ಆಮೇಲೆ ಅದು ಕಪ್ಪಾಗಿ, ತೊಗಲಿನಂತೆ ಗಟ್ಟಿಯಾಗಿ, ಒಳಕ್ಕೆ ಕುಸಿಯುತ್ತದೆ. ಮಂಡಿಯಲ್ಲಿ ಅಂಥ ಕಾಯಿಗೆ ಬೆಲೆ ಇಲ್ಲ.

ನೋಡಿದವರಿಗೆ ಇದು ಕೊಳೆರೋಗ ಅಂತಲೇ ಅನ್ನಿಸುತ್ತದೆ. ಅಂಗಡಿಗೆ ಓಡಿ ರೋಗದ ಔಷಧಿ ತಂದು ಹೊಡೆಯುತ್ತೇವೆ. ಕಡಿಮೆಯಾಗದಿದ್ದರೆ ಇನ್ನೊಂದು ಹೊಡೆಯುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಯಾಕೆಂದರೆ ಇದು ರೋಗವೇ ಅಲ್ಲ. ಕಾಯಿಯ ತುದಿಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ತಲುಪದೆ ಆಗುವ ತೊಂದರೆ. ಕಣ್ಣಿಗೆ ಎಷ್ಟೇ ಅನುಭವವಿದ್ದರೂ ಇದು ನೋಡಿದ ಮಾತ್ರಕ್ಕೆ ತಿಳಿಯುವಂಥದ್ದಲ್ಲ. ಇದನ್ನು ಕಲಿತವರೇ ಹೇಳಬೇಕು.

ಆದರೆ ಕಲಿತವರೂ ಇಲ್ಲಿ ಎಡವಬಹುದು. ಮಣ್ಣು ಪರೀಕ್ಷೆಯ ಚೀಟಿ ಕೈಗೆ ಕೊಟ್ಟರೆ, ಕ್ಯಾಲ್ಸಿಯಂ ಸಾಕಷ್ಟಿದೆ ಅಂತ ಅದರಲ್ಲಿ ಬರೆದಿರಬಹುದು. ಚೀಟಿ ಸುಳ್ಳಲ್ಲ. ಮಣ್ಣಿನಲ್ಲಿ ಇದೆ, ಕಾಯಿಗೆ ಹೋಗುತ್ತಿಲ್ಲ, ಅಷ್ಟೆ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಯಲ್ಲೇ ಮೇಲೇರಬೇಕು. ಬಿಸಿಲಿಗೆ ಎಲೆಗಳು ನೀರನ್ನೆಲ್ಲ ಎಳೆದುಕೊಳ್ಳುತ್ತವೆ, ಕಾಯಿಯ ತುದಿಗೆ ಉಳಿಯುವುದು ಕಡಿಮೆ. ಎರಡು ದಿನ ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಕೈಕೊಟ್ಟು, ಮೂರನೇ ದಿನ ರಾತ್ರಿಯಿಡೀ ಒಮ್ಮೆಗೇ ನೀರು ಬಿಟ್ಟರೆ ಈ ಏರುಪೇರಿನಲ್ಲೇ ಕಾಯಿ ಕೆಡುತ್ತದೆ. ಯಾವ ದಿನ ಕರೆಂಟು ಬರಲಿಲ್ಲ, ಡ್ರಿಪ್ ಪೈಪಿನ ಕೊನೆಯ ಸಾಲಿಗೆ ನೀರು ಹತ್ತುತ್ತದೋ ಇಲ್ಲವೋ, ಯೂರಿಯಾ ಎಷ್ಟು ಕೊಟ್ಟೆವು, ಇದೆಲ್ಲ ಯಾವ ಚೀಟಿಯಲ್ಲೂ ಇರುವುದಿಲ್ಲ. ತೋಟ ಮಾಡುವವರಿಗೆ ಮಾತ್ರ ಗೊತ್ತು.

ಸ್ವಂತ ಬುದ್ಧಿಯೋ, ತಜ್ಞರ ಮಾತೋ ಅಂತ ಇವೆರಡನ್ನೂ ಎದುರುಬದುರು ನಿಲ್ಲಿಸಿ ವಾದ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ. ತೊಂದರೆಯ ಕಾರಣ ತಜ್ಞರಿಗೆ ಗೊತ್ತು, ತೋಟದಲ್ಲಿ ನಡೆದದ್ದು ನಮಗೆ ಗೊತ್ತು. ಎರಡೂ ಒಂದು ಕಡೆ ಸೇರದೆ ಆ ಕಾಯಿ ಉಳಿಯುವುದಿಲ್ಲ.

ಹಾಗಾದರೆ ಯಾರನ್ನು ತಜ್ಞರು ಅನ್ನಬೇಕು? ನಮ್ಮ ಬುದ್ಧಿಗೆ ನಿಜವಾದ ಕೆಲಸ ಇರುವುದು ಇಲ್ಲೇ. ಎಲೆ ಮುಟುರು ರೋಗವನ್ನೇ ನೋಡಿ. ಅದು ವೈರಸ್ಸಿನಿಂದ ಬರುವುದು, ಬಿಳಿ ನೊಣ ಹರಡುವುದು. ಒಮ್ಮೆ ಹಿಡಿದ ಗಿಡವನ್ನು ವಾಸಿ ಮಾಡುವ ಔಷಧಿ ಇಲ್ಲ. ಸಸಿಮಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು, ರೋಗ ಕಂಡ ಗಿಡವನ್ನು ಮೊದಲಲ್ಲೇ ಕಿತ್ತು ಹಾಕಬೇಕು, ನೊಣವನ್ನು ಹತೋಟಿಯಲ್ಲಿಡಬೇಕು. ಇಷ್ಟು ಬಿಟ್ಟು, ಮುಟುರಿದ ಗಿಡ ಮೂರು ದಿನದಲ್ಲಿ ಸರಿಹೋಗುತ್ತದೆ ಅಂತ ಬಾಟಲಿ ಕೈಗಿಡುವವರು ಸಲಹೆ ಕೊಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾರೆ. ಸಲಹೆ ಕೊಟ್ಟವರಿಗೆ ಅದರಿಂದ ಏನು ಸಿಗುತ್ತದೆ ಅಂತ ಕೇಳಿಕೊಳ್ಳುವುದು ಅನುಮಾನದ ಬುದ್ಧಿ ಅಲ್ಲ, ಎಚ್ಚರ.

ಬೋರ್‌ವೆಲ್ ವಿಷಯದಲ್ಲೂ ಅಷ್ಟೇ. ನಮ್ಮ ನೆಲದಡಿ ಗಟ್ಟಿ ಕಲ್ಲು. ನೀರಿರುವುದು ಆ ಕಲ್ಲಿನ ಬಿರುಕುಗಳಲ್ಲಿ. ಕಡ್ಡಿ ಹಿಡಿದು ನೀರು ತೋರಿಸುವವರು ಇಲ್ಲೇ ಇದೆ, ಇಷ್ಟೇ ಇಂಚು ನೀರು ಅನ್ನುತ್ತಾರೆ. ಯಂತ್ರ ಇಟ್ಟು ನೋಡುವ ಭೂವಿಜ್ಞಾನಿ ಸಿಗುವ ಸಾಧ್ಯತೆ ಇದೆ, ಖಾತ್ರಿ ಹೇಳಲಾರೆ ಅನ್ನುತ್ತಾರೆ. ಸಾವಿರ ಅಡಿ ಕೊರೆಸಲು ಸಾಲ ಎತ್ತುವವರಿಗೆ ಮೊದಲನೆಯ ಮಾತೇ ಹಿತ. ಆದರೆ ತನಗೆ ತಿಳಿದದ್ದಕ್ಕೂ ತಿಳಿಯದ್ದಕ್ಕೂ ಗೆರೆ ಎಳೆದು ಹೇಳುವವರನ್ನೇ ನಾನು ನಂಬುತ್ತೇನೆ.

ಇನ್ನು ಕೆಲವು ನಿರ್ಧಾರಗಳಲ್ಲಿ ಯಾರೂ ನಮ್ಮ ಬದಲು ನಿಲ್ಲಲಾರರು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಆ ಬೆಲೆ ನೋಡಿ ಸಸಿ ನೆಟ್ಟವರ ಬೆಳೆ ಬರುವಷ್ಟರಲ್ಲಿ ದರ ನೆಲಕಚ್ಚಿತು. ಎಷ್ಟು ಎಕರೆ ಇಡಬೇಕು, ಎಷ್ಟು ಸಾಲ ತಡೆದುಕೊಳ್ಳಬಲ್ಲೆವು, ಮನೆಯಲ್ಲಿ ಎಷ್ಟು ಕೈಗಳಿವೆ, ಇದು ಮನೆಯವರೆಲ್ಲ ಕೂತು ಮಾಡಬೇಕಾದ ಲೆಕ್ಕ. ಹೊಸ ತಳಿಯಾದರೂ ಅಷ್ಟೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು ರೋಗವನ್ನೂ ಸೇರಿ ಮೂರು ರೋಗ ತಡೆಯಲೆಂದೇ ಬಂದ ತಳಿ. ಅದನ್ನು ನಂಬಿ, ಆದರೆ ಮೊದಲ ಸಲ ನಾಲ್ಕು ಸಾಲು ಮಾತ್ರ ಇಟ್ಟು, ಪಕ್ಕದಲ್ಲೇ ಹಳೆಯ ತಳಿಯನ್ನೂ ಬೆಳೆದು ನೋಡಿ.

ತಜ್ಞರನ್ನು ಕೇಳಲು ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುವಾಗ ಒಂದೇ ಕಾಯಿಯನ್ನು ಜೇಬಿಗೆ ಹಾಕಿಕೊಂಡು ಹೋಗಬೇಡಿ. ಬೇರು ಸಮೇತ ಒಂದು ಗಿಡ ಒಯ್ಯಿರಿ. ನೀರು ಬಿಟ್ಟ ದಿನಗಳನ್ನು ಬರೆದುಕೊಂಡು ಹೋಗಿ. ಈಗಾಗಲೇ ಹೊಡೆದ ಔಷಧಿಯ ಹೆಸರನ್ನು ಸಂಕೋಚಪಡದೆ ಹೇಳಿ, ಬಾಟಲಿ ಇದ್ದರೆ ಅದನ್ನೇ ತೋರಿಸಿ. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ ಇದೆ, 1800 180 1551. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಅವರು ಹೇಳಿದ್ದು ಅರ್ಥವಾಗದಿದ್ದರೆ, ಯಾಕೆ ಹಾಗೆ ಅಂತ ಇನ್ನೊಮ್ಮೆ ಕೇಳಿ.

ನಮಸ್ಕಾರ.