ನ್ಯುಮೋನಿಯಾದಲ್ಲಿ ನೆಬ್ಯುಲೈಸೇಶನ್: ಯಾರಿಗೆ, ಯಾವಾಗ, ಯಾವ ಔಷಧ

ಮಾನ್ಯರೇ,

ನ್ಯುಮೋನಿಯಾ ಎಂದೊಡನೆ ನೆಬ್ಯುಲೈಸರ್, ಅಂದರೆ ಔಷಧವನ್ನು ತುಂತುರಾಗಿಸಿ ಉಸಿರಿನೊಡನೆ ಒಳಕಳಿಸುವ ಯಂತ್ರ, ಇಡಲೇಬೇಕೆಂಬ ಭಾವನೆ ರೋಗಿಯ ಮನೆಯವರಲ್ಲಷ್ಟೇ ಅಲ್ಲ, ವಾರ್ಡಿನಲ್ಲಿ ದುಡಿಯುವ ನಮ್ಮಲ್ಲೂ ಬೇರೂರಿದೆ. ಯಂತ್ರ ಚಾಲೂ ಮಾಡುವ ಮೊದಲು ಈ ರೋಗಿಯ ಉಸಿರಿಗೆ ಅಡ್ಡಬಂದಿರುವುದೇನು ಎಂದು ಕೇಳಿಕೊಳ್ಳಬೇಕೆಂಬುದೇ ಇಂದಿನ ನನ್ನ ಅರಿಕೆ.

ನ್ಯುಮೋನಿಯಾದ ಮೂಲ ತೊಂದರೆ ಇರುವುದು ಶ್ವಾಸಕೋಶದ ತುದಿಯ ಗಾಳಿಗೂಡುಗಳಲ್ಲಿ. ಅಲ್ಲಿ ಉರಿಯೂತದ ದ್ರವವೂ ಬಿಳಿ ರಕ್ತಕಣಗಳೂ ತುಂಬಿಕೊಂಡಿರುತ್ತವೆ. ತುಂತುರಾಗಿ ಒಳಸೇರುವ ಔಷಧವು ಗಾಳಿ ಹೋದ ಕಡೆಗೇ ಹೋಗುವುದರಿಂದ, ಗಾಳಿಯಾಡದೆ ಗಟ್ಟಿಯಾದ ಭಾಗಕ್ಕೆ ತಲುಪುವುದು ತೀರಾ ಕಡಿಮೆ. ಆದ್ದರಿಂದ ಬ್ಯಾಕ್ಟೀರಿಯಾದ ನ್ಯುಮೋನಿಯಾಕ್ಕೆ ಬಾಯಿಯ ಅಥವಾ ರಕ್ತನಾಳದ ಮೂಲಕ ಕೊಡುವ ಆಂಟಿಬಯಾಟಿಕ್ಕೇ ಮುಖ್ಯ ಚಿಕಿತ್ಸೆ.

ಹಾಗಾದರೆ ನೆಬ್ಯುಲೈಸರ್ ಎಲ್ಲಿ ನೆರವಾಗುತ್ತದೆ? ಎದೆಯಲ್ಲಿ ಸುಂಯ್ ಎಂಬ ಸದ್ದಿದ್ದರೆ, ರೋಗಿಗೆ ಆಸ್ತಮಾ ಅಥವಾ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ರೋಗ) ಜೊತೆಗಿದ್ದರೆ, ಸ್ಯಾಲ್ಬುಟಮಾಲ್ ಬಿಗಿದ ಶ್ವಾಸನಾಳವನ್ನು ಸಡಿಲಿಸುತ್ತದೆ. ಆ ಸದ್ದೇ ಇಲ್ಲದವರಿಗೆ ಅದರಿಂದ ದೊರೆಯುವುದು ಹೆಚ್ಚಾಗಿ ಎದೆಬಡಿತ ಮತ್ತು ಕೈನಡುಕ. ಕಫ ಅಂಟಾಗಿ ಕೆಮ್ಮಿದರೂ ಬಾರದಿದ್ದಾಗ ಶೇ. 3ರ ಉಪ್ಪುನೀರಿನ ದ್ರಾವಣವು ಅಕ್ಕಪಕ್ಕದ ಅಂಗಾಂಶದಿಂದ ನೀರನ್ನೆಳೆದು ಕಫವನ್ನು ತೆಳುವಾಗಿಸಬಲ್ಲದು. ಅಸಿಟೈಲ್‌ಸಿಸ್ಟೀನ್ ಕಫದ ಪ್ರೋಟೀನುಗಳನ್ನು ಹೆಣೆದಿರುವ ಗಂಧಕದ ಬಂಧಗಳನ್ನೇ ಕಡಿಯುತ್ತದೆ. ಕೊಳೆತ ಮೊಟ್ಟೆಯಂಥ ಅದರ ವಾಸನೆಯನ್ನು ರೋಗಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಈ ಎರಡೂ ಶ್ವಾಸನಾಳವನ್ನು ಕೆರಳಿಸಿ ಬಿಗಿಸಬಹುದಾದ್ದರಿಂದ, ಸಾಮಾನ್ಯವಾಗಿ ಸ್ಯಾಲ್ಬುಟಮಾಲ್ ಮೊದಲು ಕೊಟ್ಟು, ರೋಗಿಯ ಬಳಿಯೇ ನಿಂತು ಗಮನಿಸಬೇಕು. ಕೆಮ್ಮುವ ಶಕ್ತಿಯೇ ಇಲ್ಲದವರಲ್ಲಿ ತೆಳುವಾದ ಕಫವೂ ಒಳಗೇ ನಿಲ್ಲುತ್ತದೆ. ಅವರಿಗೆ ಕಫವನ್ನು ಹೀರಿ ತೆಗೆಯುವ ಸಕ್ಷನ್ ಸಿದ್ಧವಿರಬೇಕು.

ವೆಂಟಿಲೇಟರ್ ಮೇಲಿರುವ ರೋಗಿಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಅಸಿಟೈಲ್‌ಸಿಸ್ಟೀನ್ ಮತ್ತು ಸ್ಯಾಲ್ಬುಟಮಾಲ್‌ಗಳನ್ನು ಎಲ್ಲರಿಗೂ ಗಂಟೆ ಹಿಡಿದು ಕೊಡುವುದಕ್ಕೂ ಅಗತ್ಯ ಕಂಡಾಗ ಮಾತ್ರ ಕೊಡುವುದಕ್ಕೂ ಹೋಲಿಸಿದಾಗ, ಅಗತ್ಯ ನೋಡಿ ಔಷಧ ಪಡೆದವರು ವೆಂಟಿಲೇಟರ್ ಇಲ್ಲದೆ ಕಳೆದ ದಿನಗಳ ಲೆಕ್ಕದಲ್ಲಿ ಹಿಂದೆ ಬೀಳಲಿಲ್ಲ. ಇನ್ನೊಂದೆಡೆ, 2023ರ ಅಧ್ಯಯನದಲ್ಲಿ ಕನಿಷ್ಠ ಮೂರು ದಿನ ವೆಂಟಿಲೇಟರ್ ಮೇಲಿದ್ದವರಿಗೆ ಮೂರು ದಿನ ಅಮಿಕಾಸಿನ್ ಎಂಬ ಆಂಟಿಬಯಾಟಿಕ್ಕಿನ ತುಂತುರು ಕೊಟ್ಟಾಗ, ನಂತರ ನ್ಯುಮೋನಿಯಾ ಬಂದವರ ಪ್ರಮಾಣ ಶೇ. 22ರಿಂದ ಶೇ. 15ಕ್ಕೆ ಇಳಿಯಿತು. ಆದರೆ ಅದು ರೋಗ ಬಾರದಂತೆ ತಡೆದದ್ದು. ಬಂದ ರೋಗವನ್ನು ಗುಣಪಡಿಸಿದ ಪುರಾವೆಯೆಂದು ಅದನ್ನು ಓದಬಾರದು.

ವಿಧಾನದ ವಿಷಯದಲ್ಲಿ ನಾವು ತೋರುವ ಉದಾಸೀನ ನನಗೆ ನಿಜಕ್ಕೂ ನೋವು ತರುತ್ತದೆ. 1ರಿಂದ 5 ಮೈಕ್ರಾನ್ ಗಾತ್ರದ ಹನಿಗಳು ಒಳನಾಳಗಳನ್ನು ಮುಟ್ಟುತ್ತವೆ, ಅದಕ್ಕಿಂತ ದೊಡ್ಡವು ಗಂಟಲಲ್ಲೇ ಉಳಿಯುತ್ತವೆ. ಗಾಳಿಯ ರಭಸದಿಂದ ತುಂತುರು ಮಾಡುವ ಜೆಟ್ ನೆಬ್ಯುಲೈಸರ್‌ಗೆ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿಯ ಹರಿವು ಬೇಕು. ಅದು ಕಡಿಮೆಯಾದರೆ ಹನಿ ದಪ್ಪವಾಗುತ್ತದೆ. ರೋಗಿಯನ್ನು ನೆಟ್ಟಗೆ ಕೂರಿಸಬೇಕು, ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರಬೇಕು. ಅಳುವ ಮಗುವಿನ ಶ್ವಾಸಕೋಶಕ್ಕೆ ಔಷಧ ಸೇರುವುದು ಅತ್ಯಲ್ಪವಾದ್ದರಿಂದ ಮೊದಲು ಮಗುವನ್ನು ಸಮಾಧಾನಪಡಿಸಬೇಕು. ಔಷಧ ಹಾಕುವ ಕಪ್ಪನ್ನು ಬಳಸಿದ ಮೇಲೆ ಪ್ರತಿ ಸಲ ತೊಳೆದು ಒಣಗಿಸದಿದ್ದರೆ, ಅದರಲ್ಲಿ ಬೆಳೆದ ರೋಗಾಣುಗಳನ್ನು ನಾವೇ ಎದೆಗೆ ಕಳಿಸಿದಂತಾಗುತ್ತದೆ.

ಪ್ರತಿ ನೆಬ್ಯುಲೈಸೇಶನ್ ಮುಗಿದ ಮೇಲೆ ಎದೆಯ ಸದ್ದು, ಉಸಿರಿನ ವೇಗ, ಆಮ್ಲಜನಕದ ಮಟ್ಟ ಮತ್ತು ಹೊರಬಂದ ಕಫವನ್ನು ಕೇಸ್ ಶೀಟಿನಲ್ಲಿ ಬರೆದಿಡಿ. ಯಾವುದರಲ್ಲೂ ಬದಲಾವಣೆ ಕಾಣದಿದ್ದರೆ, ಮರುದಿನದ ರೌಂಡ್ಸ್‌ನಲ್ಲಿ ಆ ಆರ್ಡರನ್ನು ನಿಲ್ಲಿಸಬಹುದೇ ಎಂದು ಕೇಳಿ.