ಸೂರ್ಯ ಅಂತ ಓದಲು ಎಷ್ಟು ವರ್ಷ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಹತ್ತಿರದಲ್ಲಿ ಪೆನ್ನು, ಕಾಗದ ಇದ್ದರೆ ಒಂದು ಪದ ಬರೆಯಿರಿ. ಸೂರ್ಯ. ಈಗ ಅದನ್ನು ನಿಧಾನವಾಗಿ ನೋಡಿ. ಬಾಯಲ್ಲಿ ಹೇಳುವಾಗ ರಕಾರ ಮೊದಲು ಬರುತ್ತದೆ, ಯಕಾರ ಆಮೇಲೆ. ಬರೆಯುವಾಗ ಮಾತ್ರ ಯ ಮೊದಲು ಬಂತು, ಅರ್ಕಾವತ್ತು ಅದರ ಬಲಗಡೆ ಕೂತಿತು. ನಮಗೆ ಇದು ಗೊತ್ತೇ ಆಗುವುದಿಲ್ಲ, ಅಲ್ವಾ? ಏಳು ವರ್ಷದ ಮಗುವಿಗೆ ಗೊತ್ತಾಗುತ್ತದೆ. ಅದು ಕಣ್ಣಿಗೆ ಕಂಡ ಹಾಗೆಯೇ ಓದುತ್ತದೆ: ಸೂ-ಯ-ರ.

ನಾನು ಬೆಂಗಳೂರಿನಲ್ಲಿ, ಪೀಣ್ಯದ ಕಡೆ, ಚಿಕ್ಕ ಮಕ್ಕಳಿಗೆ ಕನ್ನಡ ಕಲಿಸುವ ಟೀಚರ್. ಸೂಯರ ಅಂದ ಎಷ್ಟೋ ಮಕ್ಕಳಿಗೆ ನಾನು ಇಪ್ಪತ್ತು ಸಲ ಸೂರ್ಯ ಬರೆಸಿದ್ದೇನೆ. ಗಮನ ಇಲ್ಲ ಎಂದು ಗದರಿದ್ದೇನೆ. ಅದು ನನ್ನ ತಪ್ಪು. ಆ ಮಕ್ಕಳಿಗೆ ಗಮನ ಇತ್ತು. ಆ ಗುರುತು ಯಾಕೆ ಅಲ್ಲಿ ಕೂತಿದೆ ಎಂದು ಹೇಳಿಕೊಡುವವರು ಇರಲಿಲ್ಲ.

ಇದನ್ನು ನನಗೆ ತಿಳಿಸಿದ್ದು ಸಂಶೋಧನೆ. ನಮ್ಮ ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ ಸಂಸ್ಥೆಯ ಸೋನಾಲಿ ನಾಗ್ ಅವರು ಮಕ್ಕಳು ಕನ್ನಡ ಓದಲು ಹೇಗೆ ಕಲಿಯುತ್ತಾರೆ ಎಂದು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಇರುವುದು 26 ಅಕ್ಷರ. ಅವುಗಳ ಪರಿಚಯ ಮೊದಲ ಒಂದೆರಡು ವರ್ಷದಲ್ಲೇ ಮುಗಿಯುತ್ತದೆ. ಕನ್ನಡದ ಅಕ್ಷರ ಕಲಿಕೆ ನಾಲ್ಕನೇ, ಐದನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ಅವರ ಕೆಲಸ ತೋರಿಸಿತು. ಲೆಕ್ಕ ಹಾಕಿ ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ ನಿಜ. ಆದರೆ 34 ವ್ಯಂಜನಗಳ ಕಾಗುಣಿತ ಬಿಡಿಸಿದರೆ 400ಕ್ಕೂ ಜಾಸ್ತಿ ರೂಪಗಳಾಗುತ್ತವೆ. ಒತ್ತಕ್ಷರ ಇನ್ನೂ ಬಂದೇ ಇಲ್ಲ!

ನಾವು ಏನು ಮಾಡುತ್ತೇವೆ? ಎರಡನೇ ತರಗತಿಯಲ್ಲಿ ಕಾಗುಣಿತ, ಒತ್ತಕ್ಷರ ಮುಗಿಯಿತು ಎಂದು ಗೆರೆ ಎಳೆಯುತ್ತೇವೆ. ಮೂರನೇ ತರಗತಿಗೆ ಬಂದ ಮಗು ತಡವರಿಸಿದರೆ ಹಿಂದುಳಿದ ಮಗು ಎನ್ನುತ್ತೇವೆ. ಅದು ಹಿಂದುಳಿದಿಲ್ಲ. ಇನ್ನೂ ಕಲಿಯುತ್ತಿದೆ. ಅಪ್ಪ ಅಮ್ಮಂದಿರೇ, ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಪಕ್ಕದ ಮನೆಯ ಮಗು ಇಂಗ್ಲಿಷ್ ಪುಸ್ತಕ ಓದಿತು, ನಮ್ಮದು ಕನ್ನಡವನ್ನೂ ಓದುವುದಿಲ್ಲ ಎಂದು ಹೋಲಿಸಬೇಡಿ. ಎರಡೂ ಬೇರೆ ಬೇರೆ ದಾರಿ.

ಅಕ್ಷರ ಬಂದರೆ ಓದು ಬಂತೇ? ಅದೂ ಇಲ್ಲ. 1986ರಲ್ಲಿ ಗಫ್ ಮತ್ತು ಟನ್‌ಮರ್ ಎಂಬ ಇಬ್ಬರು ಸಂಶೋಧಕರು ಇದನ್ನು ಒಂದು ಗುಣಾಕಾರದ ಹಾಗೆ ಹೇಳಿದರು. ಅಕ್ಷರ ಬಿಡಿಸುವ ಶಕ್ತಿ ಒಂದು ಕಡೆ, ಭಾಷೆ ತಿಳಿಯುವ ಶಕ್ತಿ ಇನ್ನೊಂದು ಕಡೆ. ಎರಡನ್ನೂ ಗುಣಿಸಿದರೆ ಓದು. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆಯೇ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಯಾದಗಿರಿ ಕಡೆಯವನು. ಅಪ್ಪ ಅಮ್ಮ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವರು. ಅವನು ಒಂದು ವಾಕ್ಯ ಕೂಡಿಸಿ ಕೂಡಿಸಿ ಓದಿದ: ಅಜ್ಜ ಜಗಲಿಯ ಮೇಲೆ ಮಲಗಿದ. ಓದಿ ಸುಮ್ನೆ ನಿಂತ. ಆಮೇಲೆ ಕೇಳಿದ: "ಜಗಲಿ ಮ್ಯಾಲ ಹೆಂಗ ಮಲಗ್ತಾರ್ರಿ ಟೀಚರ್? ದೇವರು ಇರ್ತಾವಲ್ರಿ?"

ಮಿಕ್ಕ ಮಕ್ಕಳು ನಕ್ಕರು. ನನಗೂ ಒಂದು ಕ್ಷಣ ತಿಳಿಯಲಿಲ್ಲ. ಅವನ ಊರಿನಲ್ಲಿ ಜಗಲಿ ಅಂದರೆ ಮನೆಯೊಳಗೆ ದೇವರನ್ನು ಇಡುವ ಜಾಗ. ನಾವು ಜಗಲಿ ಅನ್ನುವ ಮನೆ ಮುಂದಿನ ಕಟ್ಟೆಗೆ ಅವರು ಕಟ್ಟಿ ಅನ್ನುತ್ತಾರೆ. ಅವತ್ತು ಎಲ್ಲರಿಗಿಂತ ನಿಧಾನವಾಗಿ ಓದಿದವನು ಅವನು. ಅರ್ಥ ಕೂಡದಾಗ ತಡೆದು ನಿಂತವನೂ ಅವನೇ. ಪಟಪಟ ಓದಿದ ಮಕ್ಕಳಲ್ಲಿ ಒಬ್ಬರೂ ಅಜ್ಜ ಎಲ್ಲಿ ಮಲಗಿದ ಎಂದು ಯೋಚಿಸಿರಲಿಲ್ಲ. ನಾನು ನಿಮಿಷಕ್ಕೆ ಎಷ್ಟು ಪದ ಓದಿದರು ಎಂದು ಮಾತ್ರ ಬರೆದುಕೊಂಡಿದ್ದರೆ ಅವನಿಗೇ ಕಡಿಮೆ ಅಂಕ ಬರುತ್ತಿತ್ತು.

ಅವನ ಜಿಲ್ಲೆಯಲ್ಲೇ ಒಂದು ದೊಡ್ಡ ಅಧ್ಯಯನ ನಡೆದಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಶೈಲಜಾ ಮೆನನ್ ಮತ್ತು ಅವರ ಜೊತೆಗಾರರು ಯಾದಗಿರಿಯ ಕನ್ನಡ ಮಕ್ಕಳನ್ನೂ ಮಹಾರಾಷ್ಟ್ರದ ವಾಡಾದ ಮರಾಠಿ ಮಕ್ಕಳನ್ನೂ ಒಂದರಿಂದ ಮೂರನೇ ತರಗತಿವರೆಗೆ ಹಿಂಬಾಲಿಸಿದರು. ವರದಿ 2017ರಲ್ಲಿ ಬಂತು. ಮೂರನೇ ತರಗತಿ ಮುಗಿದರೂ ಎಷ್ಟೋ ಮಕ್ಕಳಿಗೆ ಸರಳ ಪದ ಓದುವುದು ಕಷ್ಟವಿತ್ತು. ತರಗತಿಯಲ್ಲಿ ಅಕ್ಷರ ತಿದ್ದುವುದು, ನೋಡಿ ಬರೆಯುವುದೇ ಹೆಚ್ಚು. ಕಥೆಯ ಬಗ್ಗೆ ಮಾತು, ಮಗುವೇ ಏನಾದರೂ ಯೋಚಿಸಿ ಬರೆಯುವುದು ತೀರಾ ಕಡಿಮೆ.

ನನಗೆ ನೋವಾಗುವುದು ಇಲ್ಲೇ. ಇಷ್ಟು ಒಳ್ಳೆಯ ಕೆಲಸ ನಡೆದದ್ದು ನಮ್ಮ ಮಕ್ಕಳ ಮೇಲೆ, ನಮ್ಮ ಭಾಷೆಯಲ್ಲಿ. ಅಚ್ಚಾದದ್ದು ಬಹುಪಾಲು ಇಂಗ್ಲಿಷಿನಲ್ಲಿ. ನಮ್ಮ ಸಮಾಲೋಚನಾ ಸಭೆಗಳಲ್ಲಿ ಬಿಸಿಯೂಟದ ಲೆಕ್ಕ, ದಾಖಲಾತಿ, ಆ್ಯಪ್ ತುಂಬುವುದು ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಮಗು ಹೇಗೆ ಓದುತ್ತದೆ ಎಂಬ ಮಾತಿಗೆ ಅಲ್ಲಿ ಅರ್ಧ ಗಂಟೆ ಸಿಕ್ಕರೂ ಸಾಕು.

ಕಲಿಸುವ ದಾರಿ ಬದಲಿಸುವುದು ಆಗದ ಕೆಲಸವೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನ ಕೋಟೆಯ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಮಕ್ಕಳು ಚಟುವಟಿಕೆಗಳ ಮೂಲಕ ಕಲಿಯುವ ನಲಿ ಕಲಿ ಪದ್ಧತಿ ಕಟ್ಟಿದರು. ಅಲ್ಲಿ ಅ ಆ ಇ ಈ ಎಂದು ಶುರು ಮಾಡುವುದಿಲ್ಲ. ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಮಗು ಸರ, ಅರಸ, ದಸರ ಎಂದು ಓದಿಬಿಡುತ್ತದೆ. ಅದರ ಮುಖ ನೋಡಬೇಕು ಆಗ!

ಈಗ ನಾವು ನಾಲ್ಕು ಜನ ಟೀಚರ್‌ಗಳು ಒಂದೊಂದು ನೋಟ್‌ಪುಸ್ತಕ ಇಟ್ಟಿದ್ದೇವೆ. ಮಕ್ಕಳು ತಪ್ಪಾಗಿ ಓದಿದ್ದನ್ನು ಅವರು ಓದಿದ ಹಾಗೆಯೇ ಬರೆಯುತ್ತೇವೆ. ಅಮ್ಮ ಅನ್ನುವುದನ್ನು ಅಮ ಎಂದವರು ಯಾರು, ಮ ಮತ್ತು ವ ಅದಲುಬದಲು ಮಾಡಿದವರು ಯಾರು. ಮನೆಯಲ್ಲಿ ತಮಿಳು, ಉರ್ದು, ತೆಲುಗು ಮಾತಾಡುವ ಮಕ್ಕಳು ಎಲ್ಲಿ ನಿಲ್ಲುತ್ತಾರೆ ಎಂದೂ ಬರೆಯುತ್ತೇವೆ. ಓದಿನ ಬಗ್ಗೆ ಅಧ್ಯಯನ ಮಾಡುವವರು ಯಾರಾದರೂ ಈ ಮಾತು ಕೇಳುತ್ತಿದ್ದರೆ ನಮ್ಮ ತರಗತಿಗೆ ಬನ್ನಿ. ನೆಲದ ಮೇಲೆ ನಮ್ಮ ಜೊತೆ ಕೂತು ಆ ಪುಸ್ತಕ ನೋಡಿ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಸೂಯರ ಇದೆ. ಅದರ ಕೆಳಗೇ ಜಗಲಿ. ಅದನ್ನು ತಪ್ಪು ಎಂದು ಬರೆದಿಲ್ಲ.

ನಮಸ್ಕಾರ.