ಅತಿಥಿಯಲ್ಲ, ಮನೆಯ ಮಗು

ವೇದಿಕೆಯಲ್ಲಿರುವ ಫಾದರ್ ಅವರೇ, ಸಿಸ್ಟರ್ ಅವರೇ, ಬೇರೆ ಬೇರೆ ಹೈಸ್ಕೂಲುಗಳಿಂದ ಬಂದ ಶಿಕ್ಷಕ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ಕಥೋಲಿಕ ಹೈಸ್ಕೂಲಿನಲ್ಲಿ ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಬಗೆ ಹೇಗೆ ಎಂದು ಮಾತಾಡಲು ನನ್ನನ್ನು ಕರೆದಿದ್ದೀರಿ. ಕರಾವಳಿಯ ಒಂದು ಅನುದಾನಿತ ಶಾಲೆಯಲ್ಲಿ 31 ವರ್ಷ ಕನ್ನಡ ಕಲಿಸಿದವಳು ನಾನು. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಬಾಗಲಕೋಟೆ ಕಡೆಯ ಹುಡುಗನೊಬ್ಬ ಎಂಟನೇ ತರಗತಿಗೆ ಸೇರಿದ್ದ. ಅಪ್ಪ ಅಮ್ಮ ಇಬ್ಬರೂ ಕಟ್ಟಡ ಕೆಲಸಕ್ಕೆ ಬಂದವರು. ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ವಾಸ. ಎರಡನೇ ದಿನ ಅವನು ಎದ್ದು ನಿಂತು, "ಅಕ್ಕೋರ, ಪುಸ್ತಕ ಇನ್ನ ತಂದಿಲ್ರಿ" ಎಂದ. ಇಡೀ ತರಗತಿ ಗೊಳ್ಳೆಂದು ನಕ್ಕಿತು. ಮಕ್ಕಳು ನಕ್ಕರು, ಅವರು ಮಕ್ಕಳು. ನಾನೇನು ಮಾಡಿದೆ? "ಇಲ್ಲಿ ಅಕ್ಕೋರ ಅಂತ ಹೇಳುವುದಿಲ್ಲ ಮಗಾ, ಟೀಚರ್ ಅನ್ನಬೇಕು" ಎಂದೆ. ಪ್ರೀತಿಯಿಂದಲೇ ಹೇಳಿದೆ ಎಂದು ಆಗ ನನಗೆ ನಂಬಿಕೆಯಿತ್ತು. ಅವನು ಟೀಚರ್ ಎನ್ನಲಿಲ್ಲ. ದೀಪಾವಳಿ ರಜೆಯವರೆಗೂ ನನ್ನನ್ನು ಏನೆಂದೂ ಕರೆಯಲಿಲ್ಲ. ಏನಾದರೂ ಕೇಳಬೇಕಾದರೆ ಮೇಜಿನ ಹತ್ತಿರ ಬಂದು, ನಾನು ತಲೆಯೆತ್ತುವವರೆಗೆ ಸುಮ್ಮನೆ ನಿಂತಿರುತ್ತಿದ್ದ.

ಅವನ ಊರಿನಲ್ಲಿ ಅಕ್ಕೋರು ಎಂದರೆ ಗುರುವಿಗೆ ಕೊಡುವ ಗೌರವ. ಅವನು ಕೊಟ್ಟ ಗೌರವವನ್ನು ನಾನು ಅವನ ಕೈಗೇ ವಾಪಸು ಕೊಟ್ಟಿದ್ದೆ. ಅವನ ಪ್ರಬಂಧದಲ್ಲಿ "ಹೋಗಾಕತ್ತಿದ್ವಿ" ಎಂದಿದ್ದಲ್ಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದೆ. ಧಾರವಾಡದ ಕನ್ನಡದಲ್ಲಿ ಬರೆದ ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂತು ಎಂದು ಅದೇ ತರಗತಿಯಲ್ಲಿ ಹೆಮ್ಮೆಯಿಂದ ಪಾಠ ಮಾಡಿದವಳೂ ನಾನೇ.

ಒಂದು ದಿನ ಅವನಿಂದ ಬೇಂದ್ರೆಯವರ ಪದ್ಯವೊಂದನ್ನು ಓದಿಸಿದೆ. ಮೂವತ್ತು ವರ್ಷ ಓದಿ ಹೇಳಿದರೂ ನನ್ನ ನಾಲಿಗೆಗೆ ಬಾರದ ಲಯ ಅವನ ಬಾಯಲ್ಲಿ ತಾನಾಗಿ ಬಂತು. ಆವತ್ತು ಯಾರೂ ನಗಲಿಲ್ಲ. ಸಂಜೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಅಕ್ಕೋರ, ಇನ್ನೊಂದ್ ಪದ್ಯ ಐತೇನ್ರಿ?" ಎಂದ.

ನಮ್ಮ ಶಾಲೆಗಳಲ್ಲಿ ಸ್ವಾಗತಕ್ಕೆ ಕೊರತೆಯಿಲ್ಲ. ಯಾವ ಮಗುವನ್ನೂ ಗೇಟಿನಲ್ಲಿ ನಿಲ್ಲಿಸುವುದಿಲ್ಲ. ಆದರೆ ಅತಿಥಿಗೂ ಮನೆಯವರಿಗೂ ವ್ಯತ್ಯಾಸ ಉಂಟಲ್ಲ? ಅತಿಥಿ ಕೊಟ್ಟದ್ದನ್ನು ಉಣ್ಣುತ್ತಾನೆ, ಉಪ್ಪು ಕಡಿಮೆಯಾದರೂ ಹೇಳುವುದಿಲ್ಲ. ಮನೆಯ ಮಗು ಹೇಳುತ್ತದೆ, ಹಟ ಮಾಡುತ್ತದೆ, ಒಳಕೋಣೆಗೂ ಹೋಗುತ್ತದೆ. ನಮ್ಮ ಎಷ್ಟೋ ಮಕ್ಕಳು ಹತ್ತನೇ ತರಗತಿ ಮುಗಿಯುವವರೆಗೂ ಅತಿಥಿಗಳಾಗಿಯೇ ಇದ್ದು ಹೋಗುತ್ತಾರೆ. ನನ್ನ ಕಳವಳ ಇಷ್ಟೇ.

ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಕಾಲಿಟ್ಟದ್ದು 1870ರಲ್ಲಿ. ಜೆಸ್ವಿಟರು ಸಂತ ಅಲೋಶಿಯಸ್ ಸಂಸ್ಥೆ ಕಟ್ಟಿದ್ದು 1880ರಲ್ಲಿ, ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜು ಬಂದದ್ದು 1921ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಈ ಬೆಂಚುಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ ಮಾತಾಡುವ ಮನೆಗಳ ಮಕ್ಕಳು ಕೂತು ಎದ್ದು ಹೋಗಿದ್ದಾರೆ. ವೈವಿಧ್ಯವನ್ನು ನಾವು ಹೊಸದಾಗಿ ತರಬೇಕಾಗಿಲ್ಲ, ಅದು ಮೊದಲಿಂದಲೂ ನಮ್ಮ ಅಂಗಳದಲ್ಲೇ ಇದೆ.

ಆದರೂ ನಮ್ಮ ಟೈಮ್‌ಟೇಬಲ್ ನೋಡಿ. ಕಥೋಲಿಕ ಮಕ್ಕಳು ದೊತೊರ್ನಿಗೆ, ಅಂದರೆ ಕ್ರೈಸ್ತ ಧರ್ಮಬೋಧನೆಯ ತರಗತಿಗೆ, ಹೋಗುವ ಪೀರಿಯಡ್ಡಿನಲ್ಲಿ ಉಳಿದವರಿಗೆ ನೀತಿಪಾಠ. ವ್ಯವಸ್ಥೆ ಸರಿಯಾಗಿಯೇ ಇದೆ. ಆದರೆ ಆ ಉಳಿದವರನ್ನು ನಾವು ಏನೆಂದು ಕರೆಯುತ್ತೇವೆ? "ನಾನ್-ಕ್ಯಾಥೋಲಿಕ್ಸ್, ಎ ಸೆಕ್ಷನ್‌ಗೆ ಹೋಗಿ." ಒಂದು ಮಗು ಏನು ಅಲ್ಲವೋ ಅದನ್ನೇ ಅದರ ಹೆಸರು ಮಾಡುತ್ತೇವೆ. ವಾರಕ್ಕೊಮ್ಮೆ ಅಂದರೂ ಮೂರು ವರ್ಷದಲ್ಲಿ ಎಷ್ಟು ಸಲ ಆಯಿತು ಲೆಕ್ಕ ಹಾಕಿ. ನಾವು ಕೊನೆಗೆ "ನೀತಿಪಾಠದವರು" ಎಂದು ಬದಲಾಯಿಸಿದೆವು. ಕಾಸು ಖರ್ಚಾಗಲಿಲ್ಲ, ಸುತ್ತೋಲೆ ಬೇಕಾಗಲಿಲ್ಲ.

ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಾದ ನಮಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಎರಡು ಹೆಜ್ಜೆ ಹಿಂದಿರುವ 28(3)ನೇ ವಿಧಿಯನ್ನು ಅಷ್ಟೇ ಚೆನ್ನಾಗಿ ಬಲ್ಲೆವೇ? ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ ಎನ್ನುತ್ತದೆ ಅದು. ಧರ್ಮಸಭೆಯ ಮಾತೂ ಬೇರೆಯಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆಯೂ ಅನ್ಯಧರ್ಮಗಳನ್ನು ಗೌರವಿಸುವ ಬಗ್ಗೆಯೂ ಒಂದೇ ದಿನ ಎರಡು ಘೋಷಣೆ ಹೊರಡಿಸಿತು. ನಮ್ಮ ಶಾಲೆಗಳು ನಿಂತಿರುವುದು ಈ ಎರಡೂ ಕಾಲುಗಳ ಮೇಲೆ. 2024ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೂ ಸ್ಪಷ್ಟವಾಗಿ ಹೇಳಿತು: ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ.

"ಹಾಗಾದರೆ ನಮ್ಮ ಕಥೋಲಿಕತನ ಎಲ್ಲಿ ಉಳಿಯಿತು ಟೀಚರ್?" ಎಂದು ಕಿರಿಯ ಶಿಕ್ಷಕಿಯೊಬ್ಬರು ನನ್ನನ್ನು ಕೇಳಿದ್ದರು. ಪ್ರಾಮಾಣಿಕ ಪ್ರಶ್ನೆ ಅದು. ನಾನೂ ಕಥೋಲಿಕಳೇ, ಗೋಡೆಯ ಶಿಲುಬೆಯನ್ನು ಇಳಿಸಿ ಎಂದು ನಾನು ಹೇಳುತ್ತಿಲ್ಲ. ನನ್ನ ನೆರೆಯವನು ಯಾರು ಎಂದು ಕೇಳಿದವನಿಗೆ ಯೇಸುಸ್ವಾಮಿ ಹೇಳಿದ ಕಥೆಯಲ್ಲಿ ಗಾಯಾಳುವನ್ನು ಎತ್ತಿಕೊಂಡವನು ಯಾಜಕನಲ್ಲ, ಹೊರಗಿನವನೆಂದು ಯೆಹೂದ್ಯರು ದೂರ ಇಟ್ಟಿದ್ದ ಸಮಾರಿಯದವನು. ಆ ಕಥೆಯನ್ನು ನಂಬುವ ಶಾಲೆ ಹೇಗಿರಬೇಕೋ ಹಾಗಿರುವುದೇ ಕಥೋಲಿಕತನ ಎಂದು ಅವರಿಗೆ ಹೇಳಿದೆ.

ಮೊಂತಿ ಹಬ್ಬದ ಒಂದು ಸಂಗತಿ ಹೇಳಬೇಕು. ಸೆಪ್ಟೆಂಬರ್ 8ಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆ ಮರಿಯಳಿಗೆ ಅರ್ಪಿಸುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ. ಒಂದು ವರ್ಷ ಪೇಟೆಯ ಸುತ್ತ ಎಲ್ಲೂ ತೆನೆ ಸಿಗಲಿಲ್ಲ, ಗದ್ದೆಗಳೆಲ್ಲ ಸೈಟುಗಳಾಗಿದ್ದವು. ಒಂಬತ್ತನೇ ತರಗತಿಯ ಹುಡುಗಿ, ತುಳು ಮನೆಯವಳು, "ನಮ್ಮ ಗದ್ದೆಯಲ್ಲಿ ಉಂಟು ಟೀಚರ್, ಅಜ್ಜಿ ಹತ್ತಿರ ಕೇಳ್ತೇನೆ" ಎಂದಳು. ಮರುದಿನ ಅಜ್ಜಿಯೇ ಬಂದರು, ತೆನೆಯ ಕಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು. ನೆಲಕ್ಕೆ ಇಡಲು ಒಪ್ಪಲಿಲ್ಲ. ತಮ್ಮ ಮನೆಯಲ್ಲಿ ಹೊಸ್ತಿಲಿಗೆ, ಕಂಬಕ್ಕೆ, ಬಾವಿಗೆ ತೆನೆ ಕಟ್ಟುವುದು ಹೇಗೆ ಎಂದು ಮಕ್ಕಳಿಗೆ ವಿವರಿಸಿದರು. ಆ ವರ್ಷ ನಾವು ಅಜ್ಜಿಯನ್ನು ಮುಖ್ಯ ಅತಿಥಿ ಎಂದು ಕರೆಯಲಿಲ್ಲ. ಹೊಸ ಅಕ್ಕಿಯ ಪಾಯಸ ಬಡಿಸುವ ಸೌಟು ಅವರ ಕೈಗೆ ಕೊಟ್ಟೆವು.

ಬೇರೆ ಧರ್ಮದವರ ಬಗ್ಗೆ ಮಾತಾಡುವುದು ಸುಲಭ. ನಮ್ಮೊಳಗಿನ ಜಾತಿಯ ಬಗ್ಗೆ ಮಾತಾಡುವುದು ಕಷ್ಟ. ಧರ್ಮಸಭೆಯೊಳಗೂ ಅಸ್ಪೃಶ್ಯತೆ ಇದೆ ಎಂದು ಧರ್ಮಾಧ್ಯಕ್ಷರ ಮಂಡಳಿ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಕರಾವಳಿಯ ಬುಡಕಟ್ಟಿನವರಾದ ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಮ್ಮ ರಾಜ್ಯ ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ, ಮೊನ್ನೆ ಮೊನ್ನೆ. ಕೊರಗ ಮನೆಯ ಮಗು ಶಾಲೆಗೆ ಬಂದರೆ ಅದನ್ನು ಡೋಲು ಬಾರಿಸಲು ಮಾತ್ರ ವೇದಿಕೆ ಹತ್ತಿಸುತ್ತೇವೆಯೋ, ವಿಜ್ಞಾನ ಮೇಳಕ್ಕೂ ಅದರ ಹೆಸರು ಬರೆಯುತ್ತೇವೆಯೋ? ಉತ್ತರ ನಿಮ್ಮ ನಿಮ್ಮ ರಿಜಿಸ್ಟರಿನಲ್ಲಿದೆ.

2022ರ ಆರಂಭದ ದಿನಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಹಿಜಾಬಿನ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಆ ಅಕ್ಟೋಬರಿನಲ್ಲಿ ಭಿನ್ನ ತೀರ್ಪು ಕೊಟ್ಟರು, ನಾನು ಅದರೊಳಗೆ ಹೋಗುವುದಿಲ್ಲ. ನಾನು ಕಂಡದ್ದು ಇಷ್ಟು: ಐದನೇ ತರಗತಿಯಿಂದ ಒಂದೇ ಬುತ್ತಿ ಹಂಚಿಕೊಂಡಿದ್ದ ಇಬ್ಬರು ಹುಡುಗಿಯರು ಆ ವಾರ ಬೇರೆ ಬೇರೆ ಬೆಂಚಿನಲ್ಲಿ ಕುಳಿತರು. ಇಬ್ಬರಿಗೂ ಸೇರಿ ಗೋಡೆಪತ್ರಿಕೆಯ ಕೆಲಸ ವಹಿಸಿದೆ. ಮಾತಿಲ್ಲದೆ ಅಂಟು ಹಚ್ಚಿದರು, ಮೂರನೇ ದಿನ ಕತ್ತರಿಗಾಗಿ ಜಗಳವಾಡಿದರು. ಆ ಜಗಳ ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಬಿಸಿಯೂಟದಲ್ಲಿ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಒಳ್ಳೆಯ ಕ್ರಮ. ಅದಕ್ಕೆ ಎರಡು ಸಾಲು ಮಾಡಬೇಡಿ, ಒಂದೇ ಸಾಲು ಸಾಕು. ಅಂಗವೈಕಲ್ಯದ ಬಗ್ಗೆ 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಗುಡ್ಡದ ಮೇಲಿನ ನಮ್ಮ ಹಳೆಯ ಕಟ್ಟಡಗಳಿಗೆ ಲಿಫ್ಟ್ ಹಾಕಿಸಲು ಹಣವಿಲ್ಲದಿರಬಹುದು, ಆದರೆ ಆ ಒಂದು ಮಗುವಿನ ತರಗತಿಯನ್ನು ನೆಲ ಅಂತಸ್ತಿಗೆ ತರಲು ಹಣ ಬೇಡ.

ಪೋಷಕರ ಸಭೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುವ ತಾಯಂದಿರನ್ನು ಗಮನಿಸಿ. ದಿನದ ಕೂಲಿ ಬಿಟ್ಟು ಬಂದಿರುತ್ತಾರೆ, ಕೈಯಲ್ಲಿ ಸಿಮೆಂಟಿನ ಬಿರುಕು ಇರುತ್ತದೆ, ಸಭೆ ಮುಗಿಯುವವರೆಗೆ ಒಂದು ಮಾತೂ ಆಡುವುದಿಲ್ಲ. ನಾವು ಸಭೆಯನ್ನು ಭಾನುವಾರ ಮಧ್ಯಾಹ್ನಕ್ಕೆ ಹಾಕಿ, ಕುರ್ಚಿಗಳನ್ನು ಸುತ್ತ ಇಟ್ಟು, ಮೊದಲ ಮಾತು ಅವರಿಗೇ ಕೊಟ್ಟೆವು. ಮೊದಲ ಸಲ ಎದ್ದು ಮಾತಾಡಿದವರು ಆ ಬಾಗಲಕೋಟೆ ಹುಡುಗನ ತಾಯಿ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಹೆಣ್ಣುಮಕ್ಕಳಿಗೆ ತ್ರಾಸಾಗತೈತಿ ಎಂದರು. ಅವರಿಗೆ ಆ ಶಾಲೆಯಲ್ಲಿ ಹೆಣ್ಣುಮಗಳಿರಲಿಲ್ಲ. ಸೋಮವಾರ ಚಿಲಕ ಹಾಕಿಸಿದೆವು.

ಈಗ ನಿಮ್ಮ ಮಾತು ಕೇಳಬೇಕು. ಹಿಂದಿನ ಸಾಲಿನಲ್ಲಿ ಕೂತವರಿಂದ ಶುರು ಮಾಡೋಣ.